ಇನ್ನೂ ಕಡಿಮೆಗೆ ಸಿಗುತ್ತೆ

ಕಾರು ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ಕೂತು ಬೇಸಿಗೆ ಕಳೆಯುತ್ತ ಬಂದಿತ್ತು. ಕೋಳಿಗಳಿಗೆ ಅದರಡಿ ಮೊಟ್ಟೆಯಿಡುವುದು ರೂಢಿಯಾಗಿತ್ತು. ಜಿಪಾರ್ ಬೆಳಗ್ಗೆ ಬಗ್ಗಿ ಮೊಟ್ಟೆ ತೆಗೆಯುವಾಗೆಲ್ಲ ಸ್ಟಿಯರಿಂಗ್ ರ್ಯಾಕಿನಿಂದ ಸೋರಿದ ಎಣ್ಣೆಯ ಕಮಟು ಮೂಗಿಗೆ ಹೊಡೆಯುತ್ತಿತ್ತು. ಮುಂದಿನ ಚಕ್ರಗಳನ್ನು ಆ ಕಡೆ ಈ ಕಡೆ ತಿರುಗಿಸುವ ಆ ಒಂದು ಕಬ್ಬಿಣದ ದಂಡ ಕೆಟ್ಟಿತ್ತು, ಅಷ್ಟೇ. ಎಂಜಿನ್ ಗಟ್ಟಿಯಾಗಿತ್ತು.

ಅದು ಜಪಾನಿನ ಹಳೆಯ ಕಾರು. ಗಂಡ ಮೆದೆರ್ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋಗುವ ಮೊದಲು ಬಿಷ್ಕೆಕ್‌ನಲ್ಲಿ ಕೊಂಡು ತಂದಿದ್ದ. ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ಜಿಪಾರ್ ಒಬ್ಬಳಿಗೇ. ಮಾವನನ್ನು ಭಾನುವಾರದ ಕುರಿಸಂತೆಗೆ ಕರೆದೊಯ್ಯುವುದು, ಅತ್ತೆಯನ್ನು ಸಾವಿನ ಮನೆಗಳಿಗೆ ಮುಟ್ಟಿಸುವುದು ಅವಳ ಕೆಲಸ. ಎಡಕ್ಕೆ ಸ್ಟಿಯರಿಂಗ್ ಮುಂದೆ ಅವಳು, ಬಲಕ್ಕೆ ಮುಂದಿನ ಸೀಟಿನಲ್ಲಿ ಮಾವ. ಆ ಬಲಗಡೆಯ ಸೀಟು ಅವನದು. ಅವನಿಲ್ಲದಾಗಲೂ ಅಲ್ಲಿ ಇನ್ನೊಬ್ಬರು ಕೂರುತ್ತಿರಲಿಲ್ಲ.

ಬೇಸಿಗೆ ಶುರುವಾಗುವ ಜೂನಿನಲ್ಲೇ ನರಿನ್ ಪಟ್ಟಣದ ಆಸ್ಪತ್ರೆಯಿಂದ ಫೋನು ಬಂದಿತ್ತು. ದಾದಿಯ ಕೆಲಸ ಒಂದು ಖಾಲಿಯಾಗಿದೆ, ಅಕ್ಟೋಬರ್ ಒಂದಕ್ಕೆ ಬೆಳಗ್ಗೆ ಎಂಟಕ್ಕೆ ಹಾಜರಾಗಬೇಕು, ಬರದಿದ್ದರೆ ಮುಂದಿನವಳನ್ನು ಕರೆಯುತ್ತೇವೆ ಎಂದರು. ಜಿಪಾರ್ ಓದಿದ್ದು ಅದನ್ನೇ. ಮದುವೆಯಾದ ಮೇಲೆ ಅವಳು ಇಂಜೆಕ್ಷನ್ ಕೊಟ್ಟಿದ್ದೆಲ್ಲ ಕರುಗಳಿಗೆ.

"ಪಟ್ಟಣದಲ್ಲಿ ರೂಮು ಮಾಡೋ ಮಾತು ಬೇಡ. ರಾತ್ರಿ ಒಲೆ ಹಚ್ಚೋಕೆ ಮನೇಲಿರ್ಬೇಕು," ಎಂದಳು ಅತ್ತೆ.

"ಹೋಗಲಿ ಬಿಡೇ, ಓದಿದ ಹುಡುಗಿ," ಎಂದ ಮಾವ. "ಯಾರು ಬೇಡ ಅಂದ್ರು? ಕಾರು ರಿಪೇರಿಯಾಗ್ಲಿ, ಓಡಾಡ್ಕೊಂಡಿರ್ತಾಳೆ."

ಊರಿಗೆ ಬಸ್ಸಿಲ್ಲ. ಬೆಳಗಿನ ಬಾಡಿಗೆ ಕಾರುಗಳು ಜನ ತುಂಬಿದಾಗ ಹೊರಡುತ್ತವೆ, ತುಂಬದಿದ್ದರೆ ಇಲ್ಲ. ಹಾಗಾಗಿ ಜಿಪಾರಳ ಕೆಲಸ ಆ ಕಬ್ಬಿಣದ ದಂಡಕ್ಕೆ ಜೋತುಬಿದ್ದಿತ್ತು. ಮೆದೆರ್ ಕಳಿಸುವ ಹಣ ಇದ್ದದ್ದು ಮಾವನ ಹತ್ತಿರ.

ಸಂಜೆಯ ಚಹಾ ಆದಮೇಲೆ ಬೆಲೆ ಓದುವುದು ಶುರುವಾಗುತ್ತಿತ್ತು. ಮಾವ ಗೋಡೆಗೆ ದಿಂಬು ಒರಗಿಸಿ ಕೂರುವನು. ಜಿಪಾರ್ ಬಾಗಿಲ ಬಳಿ, ಕೆಟಲ್ಲಿನ ಪಕ್ಕ, ಮೊಣಕಾಲ ಮೇಲೆ ಫೋನು ಇಟ್ಟುಕೊಂಡು.

"ಇವತ್ತೇನಂತೆ?"

"ಬಿಷ್ಕೆಕ್‌ನವನು ಹನ್ನೆರಡು ಸಾವಿರ ಸೋಮ್ ಅಂತಾನೆ ಅತಾ. ಕಾರಾ-ಬಾಲ್ತಾದವನು ಹನ್ನೊಂದು. ಓಶ್‌ನಲ್ಲಿ ಹತ್ತಕ್ಕಿದೆ, ಕಳಿಸೋ ಖರ್ಚು ಬೇರೆ." ಮಾವನನ್ನು ಅವಳು ಕರೆಯುತ್ತಿದ್ದುದು 'ಅತಾ' ಎಂದು, ಅಪ್ಪಾ ಎಂಬಂತೆ.

"ತೋರ್ಸು."

ಮಾವ ಫೋಟೋವನ್ನು ಹೆಬ್ಬೆರಳಿನಿಂದ ಹಿಗ್ಗಿಸಿ, ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವನಂತೆ ನೋಡುವನು. ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿದ ಮನುಷ್ಯ. "ಇದೇನಿದು, ಮುದಿ ಟಗರಿನ ಮುಸುಡಿ ಇದ್ದಂಗಿದೆ. ಇದಕ್ಕೆ ಹನ್ನೆರಡಾ? ಫೋನ್ ಹಚ್ಚು."

ಅವಳು ಹಚ್ಚಿ ಕೊಡುವಳು. ಅವನು ಆ ಅಪರಿಚಿತನ ಮನೆಯವರ ಆರೋಗ್ಯ, ದನಕರು, ಈ ವರ್ಷದ ಹುಲ್ಲು ಎಲ್ಲವನ್ನೂ ವಿಚಾರಿಸುವನು. ಆಮೇಲೆ, "ಸರಿ, ಕೊನೇ ಮಾತು ಹೇಳು."

"ಅಕ್ಸಕಾಲ್, ಹಿರಿಯರು ನೀವು, ಹಾಕಿರೋದೇ ಕೊನೇ ಮಾತು."

"ಅದು ನಿನ್ನ ಮೊದಲನೇ ಮಾತು ಕಣಯ್ಯಾ. ಕೊನೇದು ಕೇಳ್ತಿದೀನಿ."

ಐನೂರು ಇಳಿದರೂ ಮಾವನ ಮುಖ ಅರಳುತ್ತಿತ್ತು. ಇಡೀ ಬೇಸಿಗೆಯಲ್ಲಿ ಅವನಿಗೆ ಇದರಷ್ಟು ಖುಷಿ ಬೇರೇನೂ ಕೊಟ್ಟಿರಲಿಲ್ಲ. "ಯೋಚನೆ ಮಾಡ್ತೀವಿ," ಎಂದು ಫೋನು ವಾಪಸ್ ಕೊಡುವನು. ಆಮೇಲೆ ಜಿಪಾರಳಿಗೆ, "ಇನ್ನೂ ನೋಡು. ಇನ್ನೂ ಕಡಿಮೆಗೆ ಸಿಗುತ್ತೆ."

ಅವಳು ನೋಡಿದಳು. ಹಾಲು ಕರೆಯುತ್ತ ಒಂದು ಕೈಯಲ್ಲಿ, ಗಟ್ಟಿ ಮೊಸರಿನ ಕುರುತ್ ಉಂಡೆ ಒಣಹಾಕುತ್ತ, ಹಿಟ್ಟಿನ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ನೋಡಿದಳು. ಒಂದೇ ಫೋಟೋವನ್ನು ಮೂರು ಜನ ಮೂರು ಬೆಲೆಗೆ ಹಾಕಿದ್ದನ್ನು ಪತ್ತೆಹಚ್ಚುವುದು ಬಂತು. ತೊಳೆದು ಬಣ್ಣ ಹೊಡೆದ ಹಳೇ ಮಾಲು ಯಾವುದೆಂದು ತಿಳಿಯಿತು. ಕಣ್ಣು ಮುಚ್ಚಿದರೂ ರ್ಯಾಕುಗಳು ಸಾಲಾಗಿ ಕಾಣತೊಡಗಿದವು.

"ಒಂಬತ್ತಕ್ಕೆ ಬಂದ್ರೆ ತಗೊಂಡುಬಿಡೋಣ," ಎಂದು ಒಂದು ದಿನ ಮಾವನ ಬಾಯಿಂದ ಬಂತು. ಜಿಪಾರ್ ಓಶ್‌ನವನ ಬೆನ್ನುಬಿದ್ದಳು, ಗೋಗರೆದಳು. ನಾಲ್ಕನೇ ದಿನ ಅವನು, "ತಗೊಳ್ಳಿ ಅಕ್ಕಾ, ಒಂಬತ್ತಕ್ಕೇ ತಗೊಳ್ಳಿ, ನನ್ನನ್ನ ಬಿಟ್ಟುಬಿಡಿ," ಎಂದು ಬರೆದ.

ಸಂಜೆ ಅವಳು ಅದನ್ನು ಓದಿ ಹೇಳಿದಳು. ಮಾವ ಗಡ್ಡ ಸವರಿಕೊಂಡ.

"ಒಂಬತ್ತಕ್ಕೆ ಇಳಿದ ಅಂದ್ರೆ ಎಂಟಕ್ಕೂ ಇಳೀತಾನೆ. ಇಳೀತಿರೋನನ್ನ ಅರ್ಧಕ್ಕೇ ಬಿಡೋದುಂಟಾ?"

ಮರುದಿನ ಸಂಜೆ ಜಿಪಾರ್ ಖಾಲಿ ಪರದೆ ನೋಡುತ್ತ ಸುಳ್ಳು ಹೇಳಿದಳು. "ನಾಲ್ಕು ಸಾವಿರಕ್ಕೆ ಒಂದಿದೆ ಅತಾ. ಚೆನ್ನಾಗಿದೆ."

ಮಾವನ ಚಹಾದ ಬಟ್ಟಲು ಗಾಳಿಯಲ್ಲೇ ನಿಂತಿತು.

"ನಾಲ್ಕಕ್ಕಾ? ಕದ್ದ ಮಾಲು. ಬೇಡ."

"ಐದು ಅಂದ್ರೆ?"

"ಅದೂ ಕದ್ದಿದ್ದೇ."

ಉಣ್ಣೆ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದಳು: "ಮನೇಲಿ ಕೆಲಸ ಕಮ್ಮಿ ಆಯ್ತಾ ಮಗಳೇ, ಇಷ್ಟು ಅವಸರ?"

ಬಟ್ಟಲು ತೊಳೆಯುವಾಗ ಜಿಪಾರಳಿಗೆ ಎಲ್ಲ ಸ್ಪಷ್ಟವಾಯಿತು. ಹನ್ನೆರಡು ದುಬಾರಿ, ಒಂಬತ್ತು ಇನ್ನೂ ಇಳಿಯಬೇಕಾದದ್ದು, ನಾಲ್ಕು ಕದ್ದದ್ದು. ಇವರು ಕೊಳ್ಳುವ ಬೆಲೆ ಅಂತ ಒಂದು ಇರಲೇ ಇಲ್ಲ. ಬೇಡ ಎಂದು ಹೇಳಿದರೆ ಜಗಳವಾಡಬಹುದಿತ್ತು. "ಇನ್ನೂ ನೋಡು" ಎಂದರೆ ಯಾರ ಜೊತೆ ಜಗಳ? ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅವಳಿಂದಲೇ ಹುಡುಕಿಸುತ್ತಿದ್ದರು.

ಮೆದೆರ್‌ಗೆ ಫೋನು ಮಾಡಿದಳು.

"ಅಪ್ಪ ನೋಡ್ಕೋತಾರೆ ಬಿಡೆ. ಅವರಷ್ಟು ಚೌಕಾಸಿ ಮಾಡೋರು ಯಾರಿದಾರೆ?"

"ನನಗೆ ಕಳಿಸು ದುಡ್ಡು. ನಾನು ತಗೋತೀನಿ."

"ಅಪ್ಪನಿಗೆ ಕಳ್ಸಿದೀನಲ್ಲ," ಎಂದ ಅವನು. ಅವನ ಹಿಂದೆ ಯಂತ್ರವೊಂದು ಕೊರೆಯುತ್ತಿತ್ತು. ಅವಳೇ ಫೋನಿಟ್ಟಳು.

ಮದುವೆಯಲ್ಲಿ ಅವಳ ತಂದೆ ಎರಡು ಕುರಿ ಕೊಟ್ಟಿದ್ದ. ಮಾವನ ಮಂದೆಯಲ್ಲೇ ಮೇಯುತ್ತಿದ್ದವು, ಕಿವಿಗೆ ನೀಲಿ ಗುರುತು. ಅವು ಜಿಪಾರಳವು ಎಂದು ಎಲ್ಲರೂ ಹೇಳುತ್ತಿದ್ದರು. ಅವಳು ಮಾರಬಹುದು ಎಂದು ಯಾರೂ ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಮಂದೆ ಬೆಟ್ಟದಿಂದ ಇಳಿದಾಗ ಅವಳು ಹೊಳೆಯ ಬಳಿ ಕುರುಬನನ್ನು ಅಡ್ಡಗಟ್ಟಿ ಎರಡನ್ನೂ ಅವನಿಗೇ ಮಾರಿದಳು. ಬಿಷ್ಕೆಕ್‌ನ ಹನ್ನೆರಡು ಸಾವಿರದವನಿಗೆ ಅಲ್ಲೇ ನಿಂತು ಫೋನು ಮಾಡಿದಳು; ಓಶ್‌ನವನ ಮಾಲು ಅಷ್ಟರಲ್ಲಿ ಮಾರಿಹೋಗಿತ್ತು.

"ಬಾನೆಟ್ಟಿನ ಒಳಗೆ ಕಾರಿನ ನಂಬರ್ ಕೊರೆದಿರತ್ತೆ, ಅದನ್ನ ಕಳ್ಸಿ," ಎಂದ ಅವನು. "ಕಂಪ್ಯೂಟರೇ ಸರಿಯಾದ ರ್ಯಾಕ್ ಆರಿಸತ್ತೆ. ಆ ನಂಬರ್ ಸುಳ್ಳು ಹೇಳಲ್ಲ ಅಕ್ಕಾ. ಯಾರ ಹೆಸರಿಗೆ ಕಳಿಸ್ಲಿ? ನಿಮ್ಮೂರಿನ ಟ್ಯಾಕ್ಸಿಯವನಿಗೆ ಗೊತ್ತಿರೋ ಹೆಸರು ಬೇಕು."

ಸೊಸೆಯ ಹೆಸರು ಯಾವ ಟ್ಯಾಕ್ಸಿಯವನಿಗೂ ಗೊತ್ತಿರುವುದಿಲ್ಲ. ಮಾವನ ಹೆಸರನ್ನು ಅವಳು ಬರೆದು ಕಳಿಸಿದಳು. ಸೊಸೆಯಾದವಳು ಅದನ್ನು ಬರೆಯಬಹುದು; ಬಾಯಲ್ಲಿ ಹೇಳುವಂತಿಲ್ಲ.

ಆ ಸಂಜೆ ಮಂದೆ ಮನೆಗೆ ಬಂದಾಗ ಮಾವ ಗೇಟಿನ ಬಳಿ ಕೂತಿದ್ದ. ಅವನು ಎಣಿಸುವುದಿಲ್ಲ, ಬರೀ ನೋಡುತ್ತಾನೆ.

"ನೀಲಿ ಕಿವಿಯವು ಎಲ್ಲಿ?"

"ಮಾರಿದೆ ಅತಾ."

ಅತ್ತೆ ಬಕೆಟ್ಟು ಕೆಳಗಿಟ್ಟಳು. ಮಾವ, "ಎಷ್ಟಕ್ಕೆ?" ಎಂದ. ಅವಳು ಹೇಳಿದಳು.

"ಅವನು ಮೊದಲು ಎಷ್ಟು ಅಂದಿದ್ದ?"

"ಅಷ್ಟೇ."

"ಮೊದಲನೇ ಮಾತಿಗೇ ಕೊಟ್ಟೆಯಾ?" ಅವನು ಟೋಪಿ ತೆಗೆದು ತೊಡೆಯ ಮೇಲೆ ಬಡಿದ. "ಆ ಸೋಮಾರಿಗೆ? ಊರಲ್ಲಿ ಏನಂತಾರೆ? ನನ್ನ ಮನೆ ಸೊಸೆ ಮೊದಲನೇ ಮಾತಿಗೇ!" ಕುರಿ ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ಚುಚ್ಚಿದ್ದು ಎಂಬುದರಲ್ಲಿ ಅನುಮಾನವಿರಲಿಲ್ಲ. ಅಂದು ಯಾರೂ ಬೆಲೆ ಓದು ಎನ್ನಲಿಲ್ಲ.

ಪಾರ್ಸೆಲ್ ಬುಧವಾರ ಬಂತು. ಟ್ಯಾಕ್ಸಿ ನಿಲ್ಲುವ ಅಂಗಡಿಯ ಮುಂದೆ ಹೆಂಗಸರು ಬ್ರೆಡ್ಡಿಗೆ ಕಾಯುತ್ತಿದ್ದರು. ಡ್ರೈವರ್ ಡಿಕ್ಕಿ ತೆರೆದು ನಿಂತಿದ್ದ, ದಪ್ಪ ಮನುಷ್ಯ, ಮಾತಿನಮಲ್ಲ.

"ಆ ಉದ್ದಂದು ನಮ್ಮದು," ಎಂದಳು ಜಿಪಾರ್.

ಡ್ರೈವರ್ ಚೀಟಿಯ ಮೇಲೆ ಅಂಗೈ ಮುಚ್ಚಿದ. "ನಮ್ಮದು ಅಂದ್ರೆ ಯಾರದ್ದು ಸೊಸೆಮ್ಮಾ? ಹೆಸರು ಹೇಳು, ಕೊಡ್ತೀನಿ."

"ನಮ್ಮ ಮಾವಂದು."

"ಎಲ್ಲರಿಗೂ ಮಾವ ಇರ್ತಾನೆ! ನನ್ನ ಹೆಂಡ್ತಿಗೂ ಇದ್ದ." ಹೆಂಗಸರು ನಕ್ಕರು. ಎಲ್ಲ ಸೊಸೆಯರನ್ನೂ ಹೀಗೇ ಕಾಡಿಸುತ್ತಾರೆ. ಸೊಸೆ ನಾಚಿಕೊಳ್ಳುತ್ತಾಳೆ, ಯಾರೋ ಒಬ್ಬರು ಅವಳ ಪರವಾಗಿ ಹೆಸರು ಹೇಳುತ್ತಾರೆ, ಆಟ ಮುಗಿಯುತ್ತದೆ. ಜಿಪಾರ್ ಬ್ರೆಡ್ಡಿನ ಸಾಲಿನತ್ತ ನೋಡಿದಳು. ಪಕ್ಕದ ಮನೆಯವಳು ಬಾಯಿ ತೆರೆಯುತ್ತಿದ್ದಳು. ಈ ಸಂಜೆಯೂ ಬೇರೆಯವರ ಬಾಯಿಗೆ ಕಾಯಬೇಕೆ ಎನ್ನಿಸಿತು.

"ಶಾರ್ಶೆನ್," ಎಂದಳು ಗಟ್ಟಿಯಾಗಿ. "ಶಾರ್ಶೆನ್‌ದು. ಕೊಡಿ."

ನಗು ನಿಂತಿತು. ಡ್ರೈವರ್ ಚೀಟಿಯಿಂದ ಕೈ ತೆಗೆದ. "ತಗೋಮ್ಮ," ಎಂದ ಮೆಲ್ಲಗೆ, ಮುಖ ನೋಡದೆ.

ಅವಳು ಅದನ್ನು ಹೆಗಲಮೇಲೆ ಹೊತ್ತು ಮೆಕ್ಯಾನಿಕ್ ಕುಬಾತ್‌ನ ಅಂಗಳಕ್ಕೆ ಹೋದಳು. ಅವನು ಪ್ಲಾಸ್ಟಿಕ್ ಹರಿದು ನೋಡಿ ಅತ್ತಿತ್ತ ತಿರುಗಿಸಿದ.

"ಇದು ಬಲಗಡೆ ಸ್ಟಿಯರಿಂಗ್‌ದು."

"ಹೇಗಾಗತ್ತೆ? ಕಾರಿನ ನಂಬರ್ ಕೊಟ್ಟೇ ತರಿಸಿದ್ದು!"

"ನಂಬರ್ ಕಾರು ಹುಟ್ಟಿದಾಗಿನದು. ಆಗ ಸ್ಟಿಯರಿಂಗ್ ಬಲಕ್ಕಿತ್ತು. ಇಲ್ಲಿ ಬಂದ್ಮೇಲೆ ಯಾರೋ ಕಿತ್ತು ಎಡಕ್ಕೆ ಕೂರ್ಸಿದಾರೆ. ಇಲ್ಲಿ ಅರ್ಧಕ್ಕರ್ಧ ಕಾರುಗಳು ಹಂಗೇ." ಕುಬಾತ್ ತಲೆ ಕೆರೆದುಕೊಂಡ. "ನಂಗೊಂದು ಮಾತು ಕೇಳೋದಲ್ವಾ?"

ಬಿಷ್ಕೆಕ್‌ನವನು ವಾಪಸ್ ತೆಗೆದುಕೊಳ್ಳಲಿಲ್ಲ. ನೀವು ಕೊಟ್ಟ ನಂಬರಿಗೆ ಇದೇ ಸರಿ ಎಂದ. ಜಿಪಾರ್ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು. ಬೇಸಿಗೆಯಿಡೀ ನೂರಾರು ಬೆಲೆ ಓದಿ ಕೊನೆಗೆ ಕೊಂಡದ್ದು ತನ್ನದಲ್ಲದ ಕಾರಿನ ಭಾಗ. ಕುರಿ ಹೋಯಿತು. ಮಾವನ ಹೆಸರು ಊರಿನ ಬಾಯಿಗೆ ಬಿತ್ತು. ಅಂಗಳದ ಮೂಲೆಯಲ್ಲಿ ಕಣಿವೆಗೆ ಉರುಳಿ ನುಜ್ಜಾದ ಒಂದು ಕಾರು ಬಿದ್ದಿತ್ತು. ಅವಳ ಕಾರಿನಂಥದ್ದೇ. ಅದರ ಸ್ಟಿಯರಿಂಗ್ ಬಲಗಡೆಗಿತ್ತು.

ಅವಳು ಅದನ್ನೇ ಬಹಳ ಹೊತ್ತು ನೋಡಿದಳು.

"ಇದರ ಡ್ಯಾಶ್‌ಬೋರ್ಡು, ಪೆಡಲು ಎಲ್ಲ ಇದೆಯಾ?"

"ಇದೆ. ಎಂಜಿನ್ನು, ರ್ಯಾಕು ಮಾರಿಯಾಗಿದೆ. ಯಾಕೆ?"

"ನನ್ನ ಕಾರನ್ನೇ ಬಲಕ್ಕೆ ವಾಪಸ್ ಮಾಡು."

ಕುಬಾತ್ ನಕ್ಕ. ಅವಳು ನಗಲಿಲ್ಲ ಎಂದು ಕಂಡು ನಿಲ್ಲಿಸಿದ. "ಆಗತ್ತೆ. ಕಾಗದದಲ್ಲೂ ಅದು ಇನ್ನೂ ಬಲಗಡೆಯದೇ ಇರ್ಬೇಕು. ಆದ್ರೆ ಅದು ನಿಮ್ಮ ಮುದುಕನ ಸೀಟು ಮಾರಾಯ್ತಿ."

"ಅವರು ಎಡಕ್ಕೆ ಕೂರ್ತಾರೆ. ಕೂಲಿಗೆ ಬದಲು ನಿನ್ನ ಅಮ್ಮನಿಗೆ ಚಳಿಗಾಲ ಮುಗಿಯೋವರೆಗೂ ಇಂಜೆಕ್ಷನ್ ನಾನೇ ಕೊಡ್ತೀನಿ. ಮೂವತ್ತನೇ ತಾರೀಖಿಗೆ ಮುಗಿಸು."

ಮರುದಿನವೇ ಕುಬಾತ್ ಕಾರನ್ನು ಇಟ್ಟಿಗೆಗಳ ಮೇಲಿಂದ ಇಳಿಸಿ ತನ್ನ ಅಂಗಳಕ್ಕೆ ಎಳೆದೊಯ್ದ. ಮೂವತ್ತರ ಸಂಜೆ ಅವಳು ಅದನ್ನು ಮನೆಗೆ ಓಡಿಸಿಕೊಂಡು ಬಂದಳು. ಟ್ಯಾಕ್ಸಿ ಅಂಗಡಿಯ ಸುದ್ದಿ ಅತ್ತೆಗೆ ಬುಧವಾರವೇ ಮುಟ್ಟಿತ್ತು. ಆವತ್ತಿನಿಂದ ಜಿಪಾರ್ ಕೊಟ್ಟ ಚಹಾವನ್ನು ಅವಳು ಮುಟ್ಟುತ್ತಿರಲಿಲ್ಲ, ತಾನೇ ಬಗ್ಗಿಸಿಕೊಳ್ಳುತ್ತಿದ್ದಳು. ಮಾವ ಹೊರಗೆ ಬಂದ, ಕಾರಿನ ಸುತ್ತ ಒಂದು ಸುತ್ತು ಹಾಕಿದ, ಅಭ್ಯಾಸದಂತೆ ಬಲಗಡೆಯ ಬಾಗಿಲು ತೆರೆದ. ಅಲ್ಲಿ ಸ್ಟಿಯರಿಂಗ್ ಇತ್ತು, ಅದರ ಹಿಂದೆ ಸೊಸೆ ಇದ್ದಳು.

"ನನ್ನ ಜಾಗ?"

"ಆ ಕಡೆ ಅತಾ."

ಅವನು ಕಾರನ್ನೂ ಅವಳನ್ನೂ ನೋಡಿದ. ಇಡೀ ಬೇಸಿಗೆ ಅವಳ ಕೆಲಸಕ್ಕೆ ಒಮ್ಮೆಯೂ ಬೇಡ ಎಂದವನಲ್ಲ. ಈಗ ಬೇಡ ಎನ್ನಲು ಯಾವ ನೆಪವೂ ಉಳಿದಿರಲಿಲ್ಲ.

"ಎಷ್ಟು ಕೊಟ್ಟೆ ರ್ಯಾಕಿಗೆ?"

"ಹನ್ನೆರಡು."

"ಒಂಬತ್ತಕ್ಕೆ ಸಿಗ್ತಿತ್ತು," ಎಂದು ಹೇಳಿ ಬಾಗಿಲು ಹಾಕಿದ.

ಮರುದಿನ ಬೆಳಗ್ಗೆ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಅವಳು ಕೆರೆದು ಮುಗಿಸುವ ಹೊತ್ತಿಗೆ ಮಾವ ಸಂತೆಯ ಕೋಟು ಹಾಕಿ, ಎಣ್ಣೆಯಲ್ಲಿ ಕರಿದ ಬೋರ್ಸೋಕ್ ತುಂಡುಗಳ ಗಂಟು ಹಿಡಿದು ಎಡಗಡೆ ಸೀಟಿನಲ್ಲಿ ಕೂತಿದ್ದ. ಗಂಟು ಅತ್ತೆ ಕಟ್ಟಿದ್ದು.

"ನೀವೆಲ್ಲಿಗೆ ಅತಾ?"

"ಆಸ್ಪತ್ರೆಗೆ. ನೀನು ನಿನ್ನ ಕೆಲಸ ಮಾಡು, ನಾನು ಬೆಂಚಿನ ಮೇಲೆ ಕೂತಿರ್ತೀನಿ. ಸಂಜೆ ಒಟ್ಟಿಗೆ ಬರೋಣ."

"ಇವತ್ತಾ?"

"ದಿನಾ. ನನಗೇನು ಮನೇಲಿ ಕೆಲಸ?"

ಅವಳು ಎಂಜಿನ್ ಶುರು ಮಾಡಿದಳು. ಊರು ದಾಟಿ ಮುಖ್ಯರಸ್ತೆಗೆ ಬರುತ್ತಲೇ ಕಲ್ಲಿದ್ದಲಿನ ಲಾರಿಯೊಂದು ಮುಂದೆ ಸಿಕ್ಕಿತು, ತೆವಳುತ್ತಿತ್ತು. ಅಲ್ಲಿ ಗಾಡಿಗಳು ಓಡುವುದು ರಸ್ತೆಯ ಬಲಕ್ಕೆ; ದಾಟಬೇಕೆಂದರೆ ಎಡಕ್ಕೆ ಹೊರಬರಬೇಕು. ಬಲಗಡೆ ಕೂತವಳಿಗೆ ಲಾರಿಯ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎದುರಿನ ರಸ್ತೆ ಕಾಣುವುದು ಎಡಗಡೆಯವನಿಗೆ. ಅವಳು ಇದನ್ನು ಯೋಚಿಸಿಯೇ ಇರಲಿಲ್ಲ.

"ಅತಾ, ಮುಂದೆ ಖಾಲಿ ಇದೆಯಾ?"

ಮಾವ ಕಿಟಕಿಗೆ ತಲೆ ತಾಗಿಸಿ ನೋಡಿದ. "ತಾಳು. ಇನ್ನೂ ನೋಡೋಣ."

ಲಾರಿಯಿಂದ ಕಲ್ಲಿದ್ದಲ ಪುಡಿ ಗಾಜಿಗೆ ಉದುರುತ್ತಿತ್ತು. ಏಳೂವರೆ ದಾಟಿತ್ತು. ಮಾವ ಕನ್ನಡಕ ಹಾಕಿಕೊಂಡು ಅವಳ ಫೋನು ಕೈಗೆತ್ತಿಕೊಂಡ. "ಟೈರು ಸವೆದಿದೆ. ಚಳಿಗಾಲಕ್ಕೆ ಬೇರೆ ಬೇಕು. ಏನ್ ಬೆಲೆ ಇದೆ?"

"ಓಡಿಸ್ತಿದೀನಿ ಅತಾ. ಖಾಲಿ ಇದೆಯಾ?"

"ಅವಸರ ಮಾಡ್ಬೇಡ. ಇನ್ನೂ ನೋಡೋಣ ಅಂದ್ನಲ್ಲ. ಇಲ್ನೋಡು, ಬಿಷ್ಕೆಕ್‌ನಲ್ಲಿ..."

ಜಿಪಾರ್ ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದಳು, ಬೇಕಾದ್ದಕ್ಕಿಂತ ಹೆಚ್ಚೇ, ಇಡೀ ಕಾರು ಎದುರು ಸಾಲಿಗೆ ಹೊರಬರುವಷ್ಟು. ಮಾವ ಬಾಗಿಲಿನ ಹಿಡಿಗೆ ಕೈಹಾಕಿದ. ರಸ್ತೆ ತಿರುವಿನವರೆಗೂ ಖಾಲಿ ಬಿದ್ದಿತ್ತು. ಎಷ್ಟು ಹೊತ್ತಿನಿಂದ ಖಾಲಿಯಿತ್ತೋ. ಹೊಸ ರ್ಯಾಕು ಒಂದು ಸದ್ದೂ ಮಾಡಲಿಲ್ಲ. ಅವಳು ಲಾರಿಯನ್ನು ದಾಟಿ ತನ್ನ ಸಾಲಿಗೆ ಬಂದಳು.

"ಇನ್ನೂ ಸ್ವಲ್ಪ ತಡೀಬಹುದಿತ್ತು," ಎಂದ ಮಾವ. ಕೆಳಗೆ ಬಿದ್ದ ಫೋನನ್ನು ಬಗ್ಗಿ ಎತ್ತಿಕೊಂಡು ಟೈರಿನ ಬೆಲೆಗಳನ್ನು ಒಂದೊಂದೇ ಅಂಕಿ ಕೂಡಿಸಿ ಓದತೊಡಗಿದ.