ನೀರು ಕುಡಿಯುವ ಗೋಡೆ

"ನೀನು ಗಾರೆ ಕಲಸು, ಸಾಕು. ಮೆತ್ತೋದು ನನ್ನ ಕೆಲಸ," ಎಂದ ಮೇಸ್ತ್ರಿ ಅಣ್ಣ, ತಂಗಿಯ ಕಡೆ ತಿರುಗಿಯೂ ನೋಡದೆ.

ತಂಗಿ ಕಲಸಲಿಲ್ಲ. ಬಾಂಡ್ಲಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಮದುವೆಗೆ ಮೊದಲೂ ಅವಳು ಅಣ್ಣನಿಗೆ ಗಾರೆ ಕಲಸಿದವಳೇ, ಗಂಡನ ಮನೆ ಬಿಟ್ಟು ಬಂದ ಮೇಲೂ ಅದೇ. ಎಷ್ಟೋ ಮನೆಗಳ ಗೋಡೆಗಳು ಅವಳು ಕಲಸಿದ ಗಾರೆಯಿಂದ ನುಣುಪಾಗಿದ್ದವು. ಗಾರೆ ಮೆತ್ತುವ ಕರಣೆ ಮಾತ್ರ ಅವಳ ಕೈಗೆ ಬರುತ್ತಿದ್ದದ್ದು ತೊಳೆದಿಡುವುದಕ್ಕೆ. ಈಗ ಅಣ್ಣನ ಮನೆಯ ತಾರಸಿಯ ಮೇಲೆ ಅವಳದೇ ದುಡಿಮೆಯ ದುಡ್ಡಿನಲ್ಲಿ ಅವಳಿಗೆಂದೇ ಒಂದು ಕೋಣೆ ಎದ್ದಿತ್ತು. ಕೆಳಗಿನ ಹಳೆಯ ಗೋಡೆಗಳು ಭಾರ ತಡೆಯಲಾರವೆಂದು ಹಗುರ ಬ್ಲಾಕಿನಲ್ಲಿ ಕಟ್ಟಿದ್ದರು. ಬೆಂಡಿನಂಥ ಬ್ಲಾಕು, ಒಂದು ಚೊಂಬು ನೀರು ಸುರಿದರೆ ಎಲ್ಲಿ ಹೋಯಿತೆಂದು ಹುಡುಕಬೇಕು.

ಇಟ್ಟಿಗೆಯ ಮೇಲೆ ಕೈ ಪಳಗಿದ ಅಣ್ಣ ಹಿಂದಿನ ದಿನ ಒಣ ಗೋಡೆಗೇ ದಪ್ಪಗೆ ಗಾರೆ ಮೆತ್ತಿದ್ದ. ಅದರ ನೀರನ್ನೆಲ್ಲ ಗೋಡೆ ಹೀರಿಕೊಂಡಿತ್ತು. ಬೆಳಗ್ಗೆ ಬಾಗಿಲು ತಳ್ಳಿದ್ದೇ ತಡ, ಅಗಲವಾದ ಚಕ್ಕೆಯೊಂದು ಕಳಚಿ ಬಿದ್ದು ಪುಡಿಯಾಯಿತು. ಮಿಕ್ಕಿದ್ದನ್ನೂ ಕೆರೆದು ಹಾಕಬೇಕಾಯಿತು. ಆ ಸಿಟ್ಟಿಗೆ ಈಗ ಪೈಪು ಎಳೆದು ತಂದು ಗೋಡೆಗೆ ಸ್ನಾನ ಮಾಡಿಸಲು ನಿಂತಿದ್ದ.

"ಅಷ್ಟೊಂದು ಕುಡಿಸಿದ್ರೆ ಆಮೇಲೆ ಒಣಗೋವಾಗ ಬಿರುಕು ಬಿಡುತ್ತೆ ಅಣ್ಣ. ಧೂಳು ಗುಡಿಸಿ, ಮೈ ತೇವ ಆಗೋಷ್ಟು ಚಿಮುಕಿಸಿ, ಮೊದಲು ಅಂಟು ಬೆರೆಸಿದ ತೆಳು ಗಾರೆ ಎರಚಬೇಕು. ಅದು ಗಟ್ಟಿಯಾಗಿ ತರಿತರಿಯಾದ ಮೇಲೆ ಮಿಕ್ಕಿದ್ದು."

"ಯಾರು ಹೇಳಿಕೊಟ್ಟರು?"

"ಉದುರಿದ್ದನ್ನೆಲ್ಲ ಗುಡಿಸಿದೋಳು ನಾನೇ ಅಲ್ವಾ?"

ಬಟ್ಟೆ ಒಣಹಾಕಲು ಬಂದಿದ್ದ ಅತ್ತಿಗೆಗೆ ಪೀಕಲಾಟ. ನಕ್ಕರೆ ಗಂಡನಿಗೆ ಕೋಪ, ನಗದಿದ್ದರೆ ಹೊಟ್ಟೆನೋವು. ಒದ್ದೆ ದುಪ್ಪಟಿಯನ್ನೇ ಬಾಯಿಗೆ ಅಡ್ಡ ಹಿಡಿದಳು.

ಅಣ್ಣ ಮಾತಿನ ಮಳೆಗರೆದ. ಹೆಂಗಸಿನ ಮಣಿಕಟ್ಟಿಗೆ ಎರಚುವ ಕಸುವಿಲ್ಲವೆಂದ, ನೋಡಿದವರು ಬಾಯಿಗೆ ಬಂದದ್ದು ಆಡುತ್ತಾರೆಂದ, ತನ್ನ ಹೆಸರು ಮಣ್ಣುಪಾಲಾಗುತ್ತದೆಂದ. ತಂಗಿ ಎಲ್ಲ ಕೇಳಿಸಿಕೊಂಡಳು. ಎದ್ದು ಹೋಗಿ ನಲ್ಲಿ ನಿಲ್ಲಿಸಿದಳು. ಅಣ್ಣನ ಚೀಲಕ್ಕೆ ಕೈಹಾಕಿ ಕರಣೆ ತೆಗೆದುಕೊಂಡಳು.

"ಊರಿನ ಗೋಡೆಗಳೆಲ್ಲ ನಿಂದಾಗಲಿ. ಇದು ನಂದು. ಬಿದ್ರೆ ನನ್ನ ತಲೆ ಮೇಲೇ ಬೀಳಲಿ."

ಅಣ್ಣ ಪೈಪು ಎಸೆದು ದಡದಡನೆ ಕೆಳಗಿಳಿದುಹೋದ.

ಅವಳು ತಾನೇ ಕಲಸಿ ಎರಚಿದ ಮೊದಲ ಕರಣೆ ಗಾರೆ ಜಾರಿ ಅವಳ ಚಪ್ಪಲಿಯ ಮೇಲೇ ಬಿತ್ತು. ಗೋಡೆ ಉಗಿಯಿತಲ್ಲೇ ಎಂದಳು ಅತ್ತಿಗೆ. ಉಗಿಯಲಿ, ನಾನೂ ಬಿಡುವವಳಲ್ಲ ಎಂದು ತಂಗಿ ಮತ್ತೆ ಎರಚಿದಳು. ನಾಲ್ಕು ಗೋಡೆಯೂ ಮುಗಿಯುವ ತನಕ ಅಣ್ಣ ಮೇಲೆ ಹತ್ತಲಿಲ್ಲ. ಊಟಕ್ಕೆ ಕೂತರೂ ಮುಖ ಗಂಟು.

ಗಾರೆ ಒಣಗಿದ ಮೇಲೆ ಬಂದ. ಬೆರಳ ಗೆಣ್ಣಿನಿಂದ ಗೋಡೆಯುದ್ದಕ್ಕೂ ತಟ್ಟುತ್ತಾ ಹೋದ. ಎಲ್ಲ ಕಡೆ ಗಟ್ಟಿ ಸದ್ದು. ಬಾಗಿಲ ಹಿಂದೆ ಮಾತ್ರ ಸದ್ದು ಬದಲಾಯಿತು. ಅವನ ಮುಖ ಅರಳಿತು.

"ಇಲ್ಲಿ ಟೊಳ್ಳು. ಕೊಡು ಕರಣೆ, ನಾನು ಸರಿಮಾಡ್ತೀನಿ."

"ಗೊತ್ತು, ನಾನೂ ತಟ್ಟಿ ನೋಡಿದೀನಿ. ಅಲ್ಲಿ ಧೂಳು ಸರಿಯಾಗಿ ಗುಡಿಸಿರಲಿಲ್ಲ," ಎಂದಳು ತಂಗಿ, ಕರಣೆ ಬಿಡದೆ. "ಒಡೆಯೋಳೂ ನಾನೇ, ಮೆತ್ತೋಳೂ ನಾನೇ. ನಿನಗೆ ಬಿಡುವಿದ್ರೆ ಕಲಸಿಕೊಡು."

ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದಳು. ಚಕ್ಕೆ ಅಣ್ಣನ ಕಾಲ ಬಳಿ ಬಿತ್ತು. ಅವನು ಅದನ್ನು ನೋಡಿದ, ಬಾಗಿಲಾಚೆ ನಿಂತಿದ್ದ ಹೆಂಡತಿಯನ್ನು ನೋಡಿದ. ಅವಳು ಆಕಾಶ ನೋಡುತ್ತಿದ್ದಳು. ಹೊರಬಂದು, ಬೋರಲು ಬಿದ್ದಿದ್ದ ಬಾಂಡ್ಲಿಯನ್ನು ಕಾಲಲ್ಲೇ ಮಗುಚಲು ಹೋದ. ಅದು ಗಡಗಡನೆ ಉರುಳಿ ತಾರಸಿಯ ಆ ತುದಿ ಸೇರಿತು. ಅಣ್ಣ ಅದರ ಹಿಂದೆಯೇ ಹೋಗಿ, ಬಗ್ಗಿ, ಎತ್ತಿಕೊಂಡ.