ನಂದಗೋಕುಲದ ಇಲಿಗಳು

“ಏಯ್, ಅಲ್ಲೇ ನಿಂತ್ಕೊ! ಸತ್ತಿರೋದನ್ನ ಕೈಲಿ ಹಿಡ್ಕೊಂಡು ಮನೆ ಬಾಗಿಲಿಗೆ ಬರ್ತಾರಾ ಯಾರಾದ್ರೂ? ಒಂಚೂರು ಕಲ್ಚರ್ ಬೇಡ್ವಾ ನಿಂಗೆ?”

ಲತಾಶ್ರೀ ಮನೆ ಹಿಂದಿನ ಮರದ ಡೆಕ್ಕಿನ ಮೇಲಿಂದ ಕೂಗಿದಳು. ಒಂದು ಕೈ ಮೂಗಿನ ಮೇಲಿತ್ತು, ಇನ್ನೊಂದರಲ್ಲಿ ಗ್ರೀನ್ ಟೀ. ಕೆಳಗೆ ಹುಲ್ಲಿನ ಮೇಲೆ ದೇವಮ್ಮ ಮೊಳದುದ್ದದ ಹೆಗ್ಗಣವೊಂದನ್ನು ಬಾಲ ಹಿಡಿದು ನಿಂತಿದ್ದಳು.

“ನೀವೇ ಯೋಳಿದ್ರಲ್ಲ ಅಮ್ಮಾವ್ರೆ, ಸಿಕ್ಕಿದ್ರೆ ತಂದ್ ತೋರ್ಸು ಅಂತ.”

“ಹಿಂಗಾ ತೋರ್ಸೋದು? ಹೋಗು, ಎಲ್ಲಾದ್ರೂ ಹೂತಾಕು. ಅಲ್ಲಾ, ನಿಮ್ಮ ಕೇರಿ ಕಡೆಯೋರು ಇಲಿ ತಿಂತಾರಂತೆ, ನಿಜವಾ?”

“ತಿಂತೀವಿ ಕನ್ರವ್ವ, ಗದ್ದೆ ಇಲಿ. ನಿಮ್ಮನೇದನ್ನ ಮುಟ್ಟಾಕಿಲ್ಲ. ಬಾದಾಮಿ ತಿಂದು ತಿಂದು ಮೈಯೆಲ್ಲ ಕೊಬ್ಬು, ಬಡ್ಡೆತ್ತವ್ಕೆ.”

ಆ ಮಾತು ಇಲಿಗೋ ತನಗೋ ಎಂದು ಲತಾಶ್ರೀ ಸ್ವಲ್ಪ ಹೊತ್ತು ಯೋಚಿಸಿದಳು. ತೀರ್ಮಾನಕ್ಕೆ ಬರುವಷ್ಟರಲ್ಲಿ ದೇವಮ್ಮ ಕೊಟ್ಟಿಗೆಯ ಹಿಂದೆ ಹೋಗಿಯಾಗಿತ್ತು.

ಪ್ಲೇನ್‌ಫೀಲ್ಡ್ ಎಂಬ ಅಮೆರಿಕನ್ ಊರು ದಾಟಿ ಎಂಟು ಮೈಲಿ ಹೋದರೆ ಮುಸುಕಿನ ಜೋಳದ ಹೊಲಗಳ ನಡುವೆ ನಂದಗೋಕುಲ ಫಾರ್ಮ್ ಸಿಗುತ್ತದೆ. ಐದು ಎಕರೆ, ಏಳು ಹಸು, ಒಂದು ಕೊಟ್ಟಿಗೆ, ಐದು ಬೆಡ್‌ರೂಮಿನ ಮನೆ. ಯಜಮಾನ, ಲತಾಶ್ರೀಯ ಗಂಡ ಸುಶಾಂತ ವಾರದಲ್ಲಿ ಐದು ದಿನ ಕಂಪ್ಯೂಟರ್ ಕಂಪನಿ ನಡೆಸುತ್ತಿದ್ದ, ಉಳಿದೆರಡು ದಿನ ಪಂಚೆ ಉಟ್ಟು ಗೋಸೇವೆ ಮಾಡುತ್ತಿದ್ದ. ‘ಇಲ್ಲಿ ಯಾವ ಜೀವಿಗೂ ಹಿಂಸೆಯಿಲ್ಲ’ ಎಂದು ಗೇಟಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದ.

ಮಳವಳ್ಳಿ ಕಡೆಯ ದೇವಮ್ಮನನ್ನು ಅವನು ಕರೆಸಿಕೊಂಡಿದ್ದು ತನ್ನ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು. ಆರು ತಿಂಗಳಿಗೆಂದು ಬಂದವಳು. ಐದನೆಯ ತಿಂಗಳಲ್ಲಿ ಆ ತಾಯಿ ತೀರಿಕೊಂಡರು. ತಿಥಿ ಮುಗಿದ ಮೇಲೆ ದೇವಮ್ಮನ ಹಾಸಿಗೆ ಮನೆಯೊಳಗಿಂದ ಕೊಟ್ಟಿಗೆಯ ಪಕ್ಕದ ಮೇವಿನ ಕೋಣೆಗೆ ಹೋಯಿತು. ಮನೆಯಲ್ಲಿ ಜಾಗವಿರಲಿಲ್ಲವಂತೆ. ಒಂದು ಬೆಡ್‌ರೂಮಿನಲ್ಲಿ ಟ್ರೆಡ್‌ಮಿಲ್ ಇತ್ತು. ಅದಾಗಿ ಹದಿನಾಲ್ಕು ತಿಂಗಳು. ಊರಿಗೆ ಕಳಿಸಿ ಎಂದಾಗಲೆಲ್ಲ ಸುಶಾಂತ, “ನೆಕ್ಸ್ಟ್ ಮಂತ್ ದೇವಮ್ಮ. ನಿನ್ನ ಪಾಸ್‌ಪೋರ್ಟ್ ನನ್ನ ಲಾಕರ್‌ನಲ್ಲಿ ಸೇಫ್ ಆಗಿದೆ, ಯೋಚನೆ ಮಾಡ್ಬೇಡ,” ಎನ್ನುತ್ತಿದ್ದ.

ಇಲಿಗಳು ಬಂದದ್ದು ಭಕ್ತಿಯ ದಾರಿಯಲ್ಲಿ. ಶನಿವಾರ ಲೆಮಾಂಟ್ ಊರಿನ ದೇವಸ್ಥಾನ ಮುಗಿಸಿಕೊಂಡು ಜನ ಕಾರುಗಟ್ಟಲೆ ಬರುತ್ತಿದ್ದರು. ಹಸುಗಳಿಗೆ ನೆನೆಸಿದ ಕಡಲೆ, ಬೆಲ್ಲ, ಬಾದಾಮಿ ತಿನ್ನಿಸುತ್ತಿದ್ದರು. ಹಸು ಮುಖ ತಿರುಗಿಸಿದರೆ ಅದರ ಕಾಲ ಬುಡದಲ್ಲಿ ಸುರಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಂಡಿ, ಬೂಸಾ ಎಲ್ಲ ಬಿದಿರಿನ ಬುಟ್ಟಿಗಳಲ್ಲಿ, ಬಾಯಿ ತೆರೆದ ಗೋಣಿಚೀಲಗಳಲ್ಲಿ ಇರುತ್ತಿತ್ತು.

“ಕಾಳು ನೆಲದ್ ಮ್ಯಾಲೆ ಚೆಲ್ಲಿದ್ರೆ ಇಲಿ ಬರ್ದೆ ಇನ್ಯಾರು ಬತ್ತಾರೆ ಬುದ್ಧಿ?” ಎಂದು ದೇವಮ್ಮ ಮೊದಲ ಬೇಸಿಗೆಯಲ್ಲೇ ಹೇಳಿದ್ದಳು. “ಮುಚ್ಚಳ ಇರೋ ತಗಡಿನ್ ಡ್ರಮ್ ತನ್ನಿ. ಗೋಡೆಗ್ ಒರಗ್ಸಿರೋ ಸೌದೆ ದೂರ ಆಕ್ಸಿ. ಬಿಲ ಮುಚ್ಚಾನ.”

“ಡ್ರಮ್ಮು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ದೇವಮ್ಮ. ಜನ ಇಲ್ಲಿಗೆ ಬರೋದೇ ಹಳ್ಳಿ ಫೀಲ್‌ಗೆ.”

ಹಳ್ಳಿಯಲ್ಲಿ ಹುಟ್ಟಿದವಳು ಪೊರಕೆ ಹಿಡಿದು ಚೆಲ್ಲಿದ ಕಾಳು ಗುಡಿಸಿದಳು.

ಇಲಿಗಳಿಗೆ ಸುಶಾಂತ ಎರಡು ಹೆಸರಿಟ್ಟಿದ್ದ. ಜನರೆದುರು ಮೂಷಿಕ, ಜನ ಹೋದ ಮೇಲೆ ಬೋಳಿಮಕ್ಕಳು. ಬೋನಿಗೆ ಬಿದ್ದವನ್ನು ಭಾನುವಾರ ಬೆಳಿಗ್ಗೆ ಅಕ್ಷತೆ ಹಾಕಿ, ವ್ಯಾನಿನಲ್ಲಿ ಕೂರಿಸಿ, ಮೂರು ಮೈಲಿ ಆಚೆ ಒಬ್ಬ ಬಿಳಿಯ ರೈತನ ಹೊಲದಲ್ಲಿ ಬಿಟ್ಟು ಬರುತ್ತಿದ್ದ. ಸೆಪ್ಟೆಂಬರಿನಲ್ಲಿ ಆ ರೈತ ಬೇಲಿಗೆ ಕ್ಯಾಮೆರಾ ಕಟ್ಟಿದ. ಪಂಚೆಯುಟ್ಟ ಗೃಹಸ್ಥನೊಬ್ಬ ತನ್ನ ಜೋಳಕ್ಕೆ ಇಲಿ ಬಿಟ್ಟು ಕೈಮುಗಿಯುವ ವಿಡಿಯೋ ಅವನಿಗೆ ಸಿಕ್ಕಿತು. ಅದು ಅಲ್ಲಿನ ಜಿಲ್ಲಾ ಕಚೇರಿಯಾದ ಕೌಂಟಿ ಆಫೀಸಿಗೆ ಹೋಯಿತು. ಹತ್ತು ದಿನದಲ್ಲಿ ಇನ್‌ಸ್ಪೆಕ್ಷನ್ ಎಂದು ಕಾಗದ ಬಂತು.

ಸುಶಾಂತ ಅಂದೇ ಪಾಷಾಣದ ಡಬ್ಬಿ ತಂದು ದೇವಮ್ಮನ ಮುಂದಿಟ್ಟ.

“ನಾನು ಆಕಾಕಿಲ್ಲ ಬುದ್ಧಿ. ಇಲಿ ಇದ್ನ ತಿಂದು ಮೇವೊಳಗೆ ಬಿದ್ದು ಸತ್ರೆ ಹಸೀನ ಗತಿ ಏನು?”

“ಮತ್ತೆ ಯಾರು ಮಾಡ್ಬೇಕು? ನಾವಾ?” ಎಂದಳು ಲತಾಶ್ರೀ. “ನಮ್ಮನೇಲಿ ನಿತ್ಯ ಪೂಜೆ ನಡೆಯತ್ತೆ, ನಾವು ಕೊಲ್ಲಬಾರದು. ನಿಮಗೆ ಅದೆಲ್ಲ ಇಲ್ವಲ್ಲ.”

ದೇವಮ್ಮ ಅವಳ ಮುಖ ನೋಡಿದಳು. ಅಲ್ಲಿ ವ್ಯಂಗ್ಯವಿರಲಿಲ್ಲ. ಹಾಲಿನ ಲೆಕ್ಕ ಹೇಳುವಷ್ಟೇ ಸಹಜವಾಗಿ ಹೇಳಿದ್ದಳು.

“ಸರಿ,” ಎಂದಳು ದೇವಮ್ಮ. “ಪಾಷಾಣ ಬ್ಯಾಡ. ನಾನ್ ಕೇಳ್ದಂಗೆ ಡ್ರಮ್ಮು, ಜಾಲರಿ, ಸಿಮೆಂಟು, ಕತ್ತರಿ ಬೋನು ತಂದ್ಕೊಡಿ. ಇದೊಂದ್ ಆದ್ಮ್ಯಾಲೆ ನನ್ನ ಊರಿಗ್ ಕಳ್ಸಿ.”

“ಪ್ರಾಮಿಸ್,” ಎಂದ ಸುಶಾಂತ.

ಸುತ್ತಲಿನ ಜೋಳ ಕೊಯ್ಲಾಗಿತ್ತು. ಹೊಲ ಬೋಳಾದೊಡನೆ ಅಲ್ಲಿದ್ದ ಇಲಿಗಳೂ ಕೊಟ್ಟಿಗೆಯ ದಾರಿ ಹಿಡಿದಿದ್ದವು. ಬೆಳಗಿನ ಕೊರೆಯುವ ಚಳಿಯಲ್ಲಿ ದೇವಮ್ಮ ಮಂಡಿಯೂರಿ ಗೋಡೆಯ ಬುಡ ತಡಕಿದಳು. ಬಿಲದ ಬಾಯಿಗೆ ಬೂದಿ ಎರಚಿ, ಮಾರನೆಯ ದಿನ ಹೆಜ್ಜೆ ನೋಡಿ, ಯಾವುದು ಓಡಾಡುವ ಬಿಲ, ಯಾವುದು ಪಾಳು ಬಿಲ ಎಂದು ಗುರುತಿಟ್ಟಳು. ಸೌದೆ ರಾಶಿಯನ್ನು ಒಬ್ಬಳೇ ಹೊತ್ತು ಬೇಲಿಯಾಚೆ ಪೇರಿಸಿದಳು. ಗೋಡೆಯ ಸುತ್ತ ಹುಲ್ಲು ಕೆತ್ತಿ ಜಲ್ಲಿ ಸುರಿದಳು. ಗೋಡೆಗೆ ತಾಗಿಸಿ ಬೋನು ಒಡ್ಡಿದಳು, ಇಲಿ ನಡುಮಧ್ಯೆ ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆರು ದಿನದಲ್ಲಿ ಎಪ್ಪತ್ತಕ್ಕೆ ಮೇಲೆ ಬಿದ್ದವು. ಬಿಲಗಳಿಗೆ ಜಾಲರಿ ತುರುಕಿ ಸಿಮೆಂಟು ಮೆತ್ತಿದಳು. ಎಷ್ಟೋ ತಿಂಗಳ ಮೇಲೆ ಕಾಲ ಮೇಲೆ ಏನೂ ಹರಿಯದೆ ಒಂದು ನಿದ್ದೆ ಮಾಡಿದಳು.

ಶನಿವಾರ ಬೋನುಗಳನ್ನೆಲ್ಲ ಎತ್ತಿಡಬೇಕೆಂದು ಅಪ್ಪಣೆಯಾಗಿತ್ತು. ಒಂದು ಉಳಿದುಹೋಯಿತು. ಬಂದಿದ್ದ ಮಕ್ಕಳಲ್ಲೊಂದು ಮೇವಿನ ತೊಟ್ಟಿಯ ಹಿಂದೆ ಅದನ್ನು ನೋಡಿ ಕಿರುಚಿತು. ಒಳಗೆ ಕುತ್ತಿಗೆ ಮುರಿದ ಇಲಿಯಿತ್ತು. ಜನ ಸೇರಿದರು. ಪೂಜೆಗೆ ಬಂದಿದ್ದ ಪುರೋಹಿತರು ಶಲ್ಯ ಸರಿಮಾಡಿಕೊಂಡು, “ಗೋಮಾತೆಯ ಸನ್ನಿಧಿಯಲ್ಲಿ ಪ್ರಾಣಿವಧೆ! ಇದೇನು ಸುಶಾಂತ್?” ಎಂದರು.

ಸುಶಾಂತ ಬೋನನ್ನು ಕಾಲಲ್ಲಿ ಪಕ್ಕಕ್ಕೆ ತಳ್ಳಿದ. ಆಮೇಲೆ ತಿರುಗಿ, “ದೇವಮ್ಮ! ಯಾರು ಹೇಳಿದ್ರು ನಿಂಗೆ ಇದನ್ನ ಇಡೋಕೆ?” ಎಂದು ಗುಡುಗಿದ.

“ನೀವೇ...”

“ಮುಚ್ಚು ಬಾಯಿ! ತಿಳುವಳಿಕೆ ಇಲ್ಲದವಳು ಗುರುಗಳೇ, ತಪ್ಪಾಯ್ತು. ಏಯ್, ಹಸುವಿನ ಕಾಲು ಹಿಡಿದು ಎಲ್ಲರ ಮುಂದೆ ತಪ್ಪಾಯ್ತು ಅನ್ನು.”

“ಅವಳು ಹಸುವನ್ನು ಮುಟ್ಟೋದು ಬೇಡ,” ಎಂದರು ಪುರೋಹಿತರು. “ದೂರದಿಂದಲೇ ಅನ್ನಲಿ. ಹತ್ತು ದಿನ ಅಡಿಗೆಮನೆಗೂ ಸೇರಿಸಬೇಡಿ.”

ದೇವಮ್ಮ ಸಗಣಿ ನೆಲದ ಮೇಲೆ ಮಂಡಿಯೂರಿದಳು. ಮೂರು ನಾಲ್ಕು ಫೋನುಗಳು ಮೇಲೆದ್ದವು. ಅವಳು ದಿನಾ ಹಾಲು ಕರೆಯುವ ಹಸು ಇಷ್ಟು ದೂರದಲ್ಲೇಕೆ ಕೂತಳೆಂದು ಕುತ್ತಿಗೆ ಚಾಚಿ ಮೂಸಿತು. “ತಪ್ಪಾಯ್ತು ಕನವ್ವ,” ಎಂದಳು ಅದಕ್ಕೆ. “ಇಂತೋರ್ ಮನೇಲಿ ಹುಲ್ ತಿನ್ನೋ ಗಾಚಾರ ನಿಂದು.” ಎರಡನೆಯ ಮಾತು ಹಸುವಿಗೆ ಮಾತ್ರ ಕೇಳಿಸಿತು. ಅಂದಿನಿಂದ ಅವಳ ತಟ್ಟೆಯನ್ನು ಡೆಕ್ಕಿನ ಮೆಟ್ಟಿಲ ಮೇಲೆ ಇಟ್ಟು ಹೋಗತೊಡಗಿದರು.

ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಕೌಂಟಿಯಿಂದ ಇನ್‌ಸ್ಪೆಕ್ಟರ್ ಬಂದಳು. ಆರಡಿ ಎತ್ತರದ ಹೆಂಗಸು, ಕಾಲಲ್ಲಿ ರಬ್ಬರ್ ಬೂಟು. ಟಾರ್ಚು ಹಿಡಿದು ಗೋಡೆಯ ಬುಡವನ್ನೆಲ್ಲ ನೋಡಿದಳು, ಡ್ರಮ್ಮಿನ ಮುಚ್ಚಳ ಎಳೆದು ನೋಡಿದಳು. ತುಂಬ ಅಚ್ಚುಕಟ್ಟಾದ ಕೆಲಸ, ಯಾವ ಕಂಪನಿಯವರು ಮಾಡಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ನಾವೇ,” ಎಂದ ಸುಶಾಂತ.

ಅವಳು ಅವನ ಕೈ ನೋಡಿದಳು, ಆಮೇಲೆ ಸಿಮೆಂಟಿನಲ್ಲಿ ಬಿರಿದಿದ್ದ ದೇವಮ್ಮನ ಕೈ ನೋಡಿದಳು. ಅನಂತರ ಮೇವಿನ ಕೋಣೆಯ ಬಾಗಿಲು ತೆರೆದಳು. ಒಳಗೆ ಹಾಸಿಗೆ, ಹಗ್ಗದ ಮೇಲೆ ಎರಡು ಸೀರೆ.

ಇಲ್ಲಿ ಯಾರು ಮಲಗುತ್ತಾರೆ? ಈಕೆ ನಿಮ್ಮ ಕೆಲಸದವಳೇ? ಎಂದು ಕೇಳಿದಳು.

“ನೋ, ನೋ! ಶಿ ಈಸ್ ಮೈ ಆಂಟ್. ಫ್ಯಾಮಿಲಿ!” ಎಂದ ಸುಶಾಂತ. “ಹಸುಗಳ ಹತ್ತಿರ ಇದ್ದರೇ ಅವರಿಗೆ ನಿದ್ದೆ ಬರೋದು.”

ಇನ್‌ಸ್ಪೆಕ್ಟರ್ ಅವನನ್ನು ಬಿಟ್ಟು ಅವನ ಮಗಳನ್ನು ಕರೆದಳು. ಆಗಷ್ಟೇ ಸ್ಕೂಲಿನಿಂದ ಬಂದಿದ್ದ ದಿಯಾಗೆ ಹದಿನಾರು ವರ್ಷ. ನೀನು ಈಕೆಯನ್ನೇ ಕೇಳಿ ಹೇಳು ಎಂದಳು.

“ಏನಂತೆ ದಿಯಮ್ಮ?” ಎಂದಳು ದೇವಮ್ಮ.

“ಅಪ್ಪ ಸೇಸ್... ನೀನು ನಮ್ಮ ಆಂಟಿ ಅಂತೆ. ಫ್ಯಾಮಿಲಿ ಅಂತೆ.”

“ಆಂಟಿ ಅಂದ್ರೆ? ಸೋದರತ್ತೇನಾ? ನಿಮ್ ತಾತನ ಜೊತೆ ಉಟ್ಟಿದೋಳಾ ನಾನು?”

ದಿಯಾ ಹೌದೆಂದು ತಲೆಯಾಡಿಸಿದಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಲತಾಶ್ರೀ ಕಣ್ಣು ಮುಚ್ಚಿಕೊಂಡಳು.

“ಆಗ್ಲಿ,” ಎಂದಳು ದೇವಮ್ಮ. ಹಸುಗಳ ನಲ್ಲಿಯಲ್ಲಿ ಕೈಕಾಲು ತೊಳೆದಳು. ಮೆಟ್ಟಿಲು ಹತ್ತಿ, ಗಾಜಿನ ಬಾಗಿಲು ಸರಿಸಿ, ನೇರ ಒಳಗೆ ಹೋಗಿ ಊಟದ ಮೇಜಿನ ತಲೆಯ ಕಡೆಯ ಕುರ್ಚಿಯಲ್ಲಿ ಕುಳಿತಳು. ಕಾಗದಕ್ಕೆ ಸಹಿ ಹಾಕಿಸಲು ಇನ್‌ಸ್ಪೆಕ್ಟರ್ ಹೇಗೂ ಒಳಗೆ ಬರಬೇಕಿತ್ತು, ಬಂದಳು. ಅವಳ ಹಿಂದೆ ಮನೆಯವರೂ ಬಂದರು.

“ಲತಾ,” ಎಂದಳು ದೇವಮ್ಮ, “ಕಾಫಿ ಮಾಡ್ಕಂಡ್ ಬಾ. ಈವಮ್ಮನ್ಗೂ ಒಂದ್ ತತ್ತಾ. ಸುಶಾಂತ, ಯಾಕ್ಲಾ ಮಗ ನಿಂತಿದೀಯ?”

ಇಷ್ಟು ದಿನವೂ ಬುದ್ಧಿ, ಅಮ್ಮಾವ್ರೆ ಎಂದ ಬಾಯಿ. ಲತಾಶ್ರೀ ಗಂಡನ ಕಡೆ ತಿರುಗಿದಳು. ಇನ್‌ಸ್ಪೆಕ್ಟರ್ ನೋಡುತ್ತಿದ್ದಳು. ಸುಶಾಂತ ಹಲ್ಲು ಕಚ್ಚಿಕೊಂಡೇ ನಕ್ಕು ಹೆಂಡತಿಗೆ ಸನ್ನೆ ಮಾಡಿದ. ಒಳಗೆ ಹಾಲಿನ ಪಾತ್ರೆ ಸ್ಟೋವಿಗೆ ಜೋರಾಗಿ ಬಡಿದ ಸದ್ದಾಯಿತು.

ಇಲಿಯ ವಿಷಯದಲ್ಲಿ ಪಾಸ್ ಎಂದು ಇನ್‌ಸ್ಪೆಕ್ಟರ್ ಬರೆದಳು. ಆ ಕೋಣೆ ಮನುಷ್ಯರು ಮಲಗುವ ಜಾಗವಲ್ಲ, ಅತ್ತೆಯವರು ಇವತ್ತಿನಿಂದಲೇ ಮನೆಯೊಳಗೆ ಇರಬೇಕು, ತಿಂಗಳಲ್ಲಿ ಮತ್ತೆ ಬರುತ್ತೇನೆ ಎಂದಳು. ಸುಶಾಂತ ಮೂರು ಸಲ ಥ್ಯಾಂಕ್ಸ್ ಹೇಳಿದ. ಇನ್‌ಸ್ಪೆಕ್ಟರ್ ಹೊರಡಲು ಎದ್ದಳು.

“ದಿಯಮ್ಮ, ನನ್ ಪಾಸ್‌ಪೋರ್ಟ್ ಕೊಡ್ಸು ಅಂತ ಯೋಳು ಆವಮ್ಮನ್ಗೆ.”

ದಿಯಾ ಅಪ್ಪನನ್ನು ನೋಡಿದಳು. ಅಪ್ಪ ಸಣ್ಣಗೆ ತಲೆಯಾಡಿಸಿದ, ಬೇಡವೆಂದು.

“ಶಿ ಸೇಸ್ ಥ್ಯಾಂಕ್ ಯು,” ಎಂದಳು ದಿಯಾ.

ಅಷ್ಟು ಇಂಗ್ಲಿಷ್ ದೇವಮ್ಮನಿಗೆ ಬರುತ್ತಿತ್ತು. ಎದ್ದು ಇನ್‌ಸ್ಪೆಕ್ಟರ್ ಹೆಂಗಸಿನ ತೋಳು ಹಿಡಿದಳು. ತನ್ನ ಎದೆ ಮುಟ್ಟಿಕೊಂಡು, “ಪಾಸ್‌ಪೋರ್ಟ್,” ಎಂದಳು. ಸುಶಾಂತನ ಕಡೆ ಬೆರಳು ತೋರಿಸಿ, “ಲಾಕರ್,” ಎಂದಳು. ಎರಡಕ್ಕೂ ಅನುವಾದ ಬೇಕಿರಲಿಲ್ಲ.

ಸುಶಾಂತ ಜೋರಾಗಿ ನಕ್ಕ. ಅತ್ತೆಗೆ ಮರೆವು, ಕಳೆದುಕೊಳ್ಳುತ್ತಾರೆಂದು ನಾನೇ ಇಟ್ಟಿದ್ದೇನೆ ಎಂದ. ಹಾಗಾದರೆ ತಂದುಕೊಡಿ, ನಾನು ಕಾಯುತ್ತೇನೆ ಎಂದಳು ಇನ್‌ಸ್ಪೆಕ್ಟರ್. ಆಮೇಲೆ ಕೊಡುತ್ತೇನೆ ಎಂದ. ಅವಳು ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಯಾರಿಗೂ ಕರೆ ಮಾಡಲಿಲ್ಲ, ಸುಮ್ಮನೆ ಇಟ್ಟಳು. ಸುಶಾಂತ ಮಹಡಿ ಹತ್ತಿದ.

ಅವನು ತಂದುಕೊಟ್ಟ ನೀಲಿ ಪುಸ್ತಕವನ್ನು ದೇವಮ್ಮ ಬಿಚ್ಚಿ ನೋಡಿದಳು. ಅದರೊಳಗಿನ ಫೋಟೋದಲ್ಲಿದ್ದವಳು ಇನ್ನೂ ಕಪ್ಪು ಕೂದಲಿನವಳು. ಅದನ್ನು ರವಿಕೆಯೊಳಗೆ ಸೇರಿಸಿ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡಳು.

“ದಿಯಮ್ಮ, ಈಗ ನಾನ್ ಏನ್ ಯೋಳ್ತೀನೋ ಅದ್ನ ಒಂದಕ್ಷರ ಬುಡ್ದಂಗೆ ಇಂಗ್ಲೀಷ್ನಲ್ಲಿ ಯೋಳು. ನಿಮ್ಮಜ್ಜಿ ಸತ್ತ ದಿನದಿಂದ ಸುರು ಮಾಡ್ತೀನಿ.”

ದಿಯಾ ಈ ಸಲ ಅಪ್ಪನ ಕಡೆ ತಿರುಗಲಿಲ್ಲ. ಇನ್‌ಸ್ಪೆಕ್ಟರ್ ಮತ್ತೆ ಕುಳಿತಳು. ಲತಾಶ್ರೀ ಟ್ರೇ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ದೇವಮ್ಮ ಎದ್ದು ಹೋಗಿ ಒಂದು ಲೋಟ ಎತ್ತಿಕೊಂಡಳು, ಊದಿ ಒಂದು ಗುಟುಕು ಕುಡಿದಳು.

“ನೀನೂ ಕುಂತ್ಕೊ ಲತಾ,” ಎಂದಳು. “ವಸಿ ಉದ್ದ ಅದೆ.”