ಅಳಿವೆಯ ಮಡು

ಗುಲನಾಜಳೇ ಒತ್ತಾಯ ಮಾಡಿ ಅತ್ತಿಗೆ ಹಜರಾಬಿಯನ್ನು ದೋಣಿ ಹತ್ತಿಸಿದ್ದಳು. ಗೊಬ್ಬೂರದ ಉರಿಬಿಸಿಲಿನಿಂದ ಕಾರವಾರದವರೆಗೆ ಬಂದು ಸಮುದ್ರದ ನೀರು ಮುಟ್ಟದೆ ಹೋಗುವುದುಂಟೇ, ಕೂಸು ಈಗಷ್ಟೇ ಹಾಲು ಕುಡಿದಿದೆ, ನಾನು ನೋಡಿಕೊಳ್ಳುತ್ತೇನೆ ಎಂದಿದ್ದಳು. ಐದು ತಿಂಗಳ ರೆಹಾನ ಬಾಟಲಿ ಕಂಡರೆ ಮುಖ ತಿರುವುತ್ತಾನೆ; ಅವನಿಗೆ ತಾಯಿಯ ಹಾಲೇ ಬೇಕು. ಒಂದು ಸುತ್ತು ಹಾಕಿ ಬಂದುಬಿಡುವುದು ತಾನೇ ಎಂದು ಹಜರಾಬಿ ಹೊರಟಳು.

ದೋಣಿ ಗಂಡನ ಚಿಕ್ಕಪ್ಪನ ಮಗ ಗೌಸಮೊಹಿದ್ದೀನನದು. ಕೆಲಸ ಮುಗಿಸಿ ಬಂದು ಮೀನು ಸಿಗುವ ಜಾಗ ತಾನೇ ತೋರಿಸುವೆನೆಂದು ಅವನು ಹೇಳಿ ಹೋಗಿದ್ದ. ಆದರೆ ಗಂಡ ಮುಕ್ರಮ ಭೀಮಾ ನದಿಯಲ್ಲಿ ಗಾಳ ಹಾಕಿ ಬೆಳೆದವನು, ಕಾಯುವ ತಾಳ್ಮೆ ಎಲ್ಲಿಯದು? ನದಿ ಕಡಲು ಸೇರುವ ಅಳಿವೆಯ ನೀರಿಗೆ ಬೆರಳು ಅದ್ದಿ ನೆಕ್ಕಿ ಉಗುಳಿದ. ಉಪ್ಪಾದರೇನು, ಬೇಸಿಗೆಯಲ್ಲಿ ಮೀನು ಆಳದ ಮಡುವನ್ನೇ ಹುಡುಕುತ್ತದೆ ಎಂದ. ಉಪ್ಪುನೀರಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲಾ ಗಿಡಗಳ ನಡುವೆ, ಕಿರುಗಾಲುವೆಯಂಥ ತೋಡಿನಲ್ಲಿ ಕೊಕ್ಕರೆಗಳು ಕಾದು ನಿಂತಿದ್ದವು. ಅಲ್ಲೇ ಲಂಗರು ಇಳಿಸಿದ.

ಜಾಗವೇನೋ ಒಳ್ಳೆಯದೇ, ಮೀನು ಬಿದ್ದವು. ಹಜರಾಬಿ ಮಾತ್ರ ಗಿಡಗಳನ್ನು ನೋಡುತ್ತಿದ್ದಳು. ಬಂದಾಗ ಮುಳುಗಿದ್ದ ಬೇರುಗಳು ಈಗ ಬೆತ್ತಲೆಯಾಗಿದ್ದವು, ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು. ನೀರು ಇಳಿಯುತ್ತಿದೆ ಎಂದು ಗಂಡನಿಗೆ ತೋರಿಸಿದಳು.

"ಕೆಳಗ ಯಾರೋ ಬ್ಯಾರೇಜಿನ ಗೇಟ ತೆಗದಾರ ಕಾಣಸ್ತದಬೇ. ಬಂದ್ ಮಾಡ್ತಾರ, ಕುಂದ್ರು."

"ಸಮುದ್ರಕ್ಕ ಗೇಟ ಯಾರ ಕುಂದ್ರಿಸ್ಯಾರ್ರಿ?"

ಅಷ್ಟರಲ್ಲಿ ದೋಣಿಯ ತಳ ಕೆಸರಿಗೆ ಕೂತಿತು. ಮುಕ್ರಮ ಹುಟ್ಟು ಊರಿ ತಳ್ಳಿದರೆ ಹುಟ್ಟೇ ಅರ್ಧ ಹೂತುಹೋಯಿತು. ಫೋನಿನಲ್ಲಿ ಗೌಸಮೊಹಿದ್ದೀನ ಮೊದಲು ನಕ್ಕ, ಆಮೇಲೆ ಗದರಿದ. ಇದು ಸಮುದ್ರದ ಇಳಿತ, ಬೇರೆ ದೋಣಿಯೂ ಅಲ್ಲಿಗೆ ಬರಲಾರದು, ಸಂಜೆ ನೀರು ಏರುವ ಭರತಕ್ಕೇ ಬಿಡುಗಡೆ, ಯಾರೂ ಕೆಳಗಿಳಿಯಬೇಡಿ ಎಂದ.

ಗುಲನಾಜಳ ಫೋನಿನಲ್ಲಿ ಕೂಸಿನ ಅಳು ಕೇಳಿಸಿತು. ಹಜರಾಬಿ ಮುದ್ದು ಮಾತಾಡಿ ರಮಿಸಿದಳು. ತಾಯಿಯ ದನಿ ಕೇಳಿ ಅವನು ಇನ್ನೂ ಜೋರಾಗಿ ಅತ್ತ. ಫೋನು ಕತ್ತರಿಸಲೇಬೇಕಾಯಿತು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ರವಿಕೆ ತೊಯ್ದಿತ್ತು. ತಡೆಯಲಾರದೆ ಒಂದು ಕಾಲು ಕೆಳಗಿಟ್ಟಳು. ಕೆಸರು ತೊಡೆಯವರೆಗೆ ನುಂಗಿತು. ಮುಕ್ರಮ ರಟ್ಟೆ ಹಿಡಿದು ಎಳೆದು ಕೂರಿಸಿದ. ಕೊಕ್ಕರೆಗಳು ಹಾರಿಹೋದವು. ನೆರಳಿಲ್ಲದ ದೋಣಿಯಲ್ಲಿ ಅವಳು ಸೆರಗಿನೊಳಗೆ ಕೈಕಟ್ಟಿ, ದಡದ ಕಡೆಗೇ ಮುಖ ಮಾಡಿ ಕೂತಳು.

ಬಿಸಿಲು ಬಾಗಿದಾಗ ತೋಡಿನಲ್ಲಿ ನೂಲಿನಂತೆ ನೀರು ಹರಿದು ಬಂತು. ನಿಧಾನಕ್ಕೆ ಹರಡಿತು, ದೋಣಿ ಅಲುಗಿತು. ನೀರಿನೊಂದಿಗೆ ಮೀನೂ ಬಂತು. ಸುತ್ತಲೂ ಪಳಪಳ ನೆಗೆಯತೊಡಗಿತು.

"ಈಗ ಸುರು ಆಗ್ಯಾದ ನೋಡು," ಮುಕ್ರಮನ ಕೈ ಗಾಳಕ್ಕೆ ಹೋಯಿತು. "ಒಂದ ಸಲ ಹಾಕ್ತೇನಿ, ಒಂದ."

ಹಜರಾಬಿ ಎದ್ದು ಲಂಗರಿನ ಹಗ್ಗ ಹಿಡಿದಳು. ಅದು ಕೆಸರಿನಿಂದ ಮೇಲೇಳಲಿಲ್ಲ. ಅಂಗೈ ಉರಿದರೂ ಬಿಡದೆ ಎಳೆದಳು.

"ಹುಟ್ಟ ನೀವು ಹಿಡೀತೀರೋ, ನಾ ಹಿಡೀಲ್ಯೋ?"

ಅವನು ಗಾಳ ಕೆಳಗಿಟ್ಟು ಹಗ್ಗಕ್ಕೆ ಕೈ ಹಚ್ಚಿದ.

ದಡದಲ್ಲಿ ಗುಲನಾಜ ತುಟಿಗೆ ಬೆರಳಿಟ್ಟು ನಿಂತಿದ್ದಳು. ಅತ್ತು ಅತ್ತು ದಣಿದು ಈಗಷ್ಟೇ ಮಲಗಿದ ಎಂದು ಪಿಸುಗುಟ್ಟಿದಳು. ಹಜರಾಬಿ ಕೂಸನ್ನು ಮಡಿಲಿಗೆ ತೆಗೆದುಕೊಂಡು ಮರಳಿನ ಮೇಲೆ ಕೂತಳು. ನಿದ್ದೆಯಲ್ಲೂ ಅವನು ಬಿಕ್ಕುತ್ತಿದ್ದ. ಎದೆ ಸಿಡಿಯುತ್ತಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. ಅವನಾಗಿಯೇ ಕಣ್ಣು ತೆರೆಯಲೆಂದು, ಅಲುಗಾಡದೆ ಕಾಯುತ್ತ ಕೂತಳು.